ಮೂವತ್ತನಾಲ್ಕು ಅಡಿಯ ಆರ್‌ವಿ

“ಸ್ಟಾಪ್! ಸ್ಟಾಪ್!” ಕ್ಯಾಂಪ್‌ಗ್ರೌಂಡಿನ ಆಂಟಿ ಎರಡೂ ಕೈ ಬೀಸಿ ಕೂಗಿದರು.

ಅಮ್ಮ ಬ್ರೇಕ್ ಒತ್ತಿದರು. ಹಾಸಿಗೆ, ಒಲೆ ಎಲ್ಲ ಇರುವ ಬಸ್ಸಿನಂಥ ಆರ್‌ವಿಯ ಮೂತಿ ಮರಕ್ಕೆ ತಾಗುವುದೊಂದು ಬಾಕಿ. ಹಿಂಭಾಗ ಇನ್ನೂ ರಸ್ತೆಯಲ್ಲೇ ಇತ್ತು.

ನಿಧಿ ಅಪ್ಪನ ಕಾರಿನಲ್ಲಿ ಕೂತು ನೋಡುತ್ತಿದ್ದಳು. ಅಮ್ಮನ ಹತ್ತಿರ ಹೋಗುವ ಹಾಗಿರಲಿಲ್ಲ. ಅಮ್ಮ ಕೋವಿಡ್ ವಾರ್ಡಿನ ಡಾಕ್ಟರ್. ಮನೆಯಲ್ಲಿ ಚನ್ನಮ್ಮಜ್ಜಿಗೆ ಉಬ್ಬಸ. ಅದಕ್ಕೇ ಅಮ್ಮ ಒಂದು ತಿಂಗಳಿಂದ ಮನೆ ಮುಂದಿನ ಡ್ರೈವ್‌ವೇಯಲ್ಲಿ ನಿಲ್ಲಿಸಿದ ಈ ಬಾಡಿಗೆ ಗಾಡಿಯಲ್ಲೇ ಮಲಗುತ್ತಿದ್ದರು. ಮನೆಗಳ ಮುಂದೆ ಆರ್‌ವಿ ನಿಲ್ಲಿಸಬಾರದೆಂದು ಆಲ್ಡಿ ಊರಿನ ಅವರ ಕಾಲೊನಿಯವರು ತಕರಾರು ತೆಗೆದರು. ಅವರಿಗೆ ಡಾಕ್ಟರ್ ಬೇಕು, ಡಾಕ್ಟರ್ ಮಲಗುವ ಗಾಡಿ ಬೇಡ!

ಇಂಥ ಗಾಡಿಗಳಿಗೆ ಜಾಗ ಬಾಡಿಗೆಗೆ ಕೊಡುವ ಈ ಕ್ಯಾಂಪ್‌ಗ್ರೌಂಡ್ ಮನೆಗೆ ಹತ್ತಿರ. ದಿನಾ ಸಂಜೆ ಬಂದು ದೂರದಿಂದಲೇ ಅಮ್ಮನನ್ನು ನೋಡಬಹುದು ಎಂದು ನಿಧಿ ಆಸೆಪಟ್ಟಿದ್ದಳು.

“ಎಷ್ಟು ಉದ್ದ ಇದೆ?” ಆಂಟಿ ಕೇಳಿದರು.

“ಮೂವತ್ತನಾಲ್ಕು ಅಡಿ,” ಎಂದರು ಅಪ್ಪ. ಬುಕ್ ಮಾಡುವಾಗ ಅವರು ಜಾಗ ಖಾಲಿ ಇದೆಯೇ ಎಂದಷ್ಟೇ ನೋಡಿದ್ದರು.

“ಇಲ್ಲಿ ಇಪ್ಪತ್ತೈದು ಅಡಿಗಿಂತ ಉದ್ದದ ಗಾಡಿ ಹಿಡಿಸೋದಿಲ್ಲ. ರಸ್ತೆಗೆ ಅಡ್ಡ ಬಂದರೆ ಫೈರ್ ಟ್ರಕ್ ಹೇಗೆ ಹೋಗುತ್ತೆ? ಸಾರಿ, ಡಾಕ್ಟರ್.”

ತಿಂಗಳ ಹಿಂದೆ ಬಾಡಿಗೆಗೆ ಎರಡು ಆರ್‌ವಿ ಇದ್ದವು. “ಅಮ್ಮಗ ದೊಡ್ಡದೇ ಬೇಕು!” ಎಂದು ಹಟ ಹಿಡಿದವಳು ನಿಧಿಯೇ. ಚಿಕ್ಕದನ್ನು ಆಮೇಲೆ ಬೇರೆ ಯಾರೋ ಒಯ್ದಿದ್ದರು.

ಅಪ್ಪ ಫೋನಿನಲ್ಲಿ ಹುಡುಕಿದರು. ಇಷ್ಟು ಉದ್ದದ ಗಾಡಿಗೆ ಜಾಗ ಸಿಕ್ಕಿದ್ದು ಬೆಟ್ಟದ ಆಚೆ. ಆಸ್ಪತ್ರೆಯಿಂದ ಒಂದೂವರೆ ಗಂಟೆಯ ದಾರಿ. ಮನೆಗೆ ಬಂದು ಹೋದರೆ ಇನ್ನೂ ಹೆಚ್ಚು.

ಅಮ್ಮ ಕಿಟಕಿ ಇಳಿಸಿದರು. ಮಾಸ್ಕ್ ಒತ್ತಿ ಒತ್ತಿ ಅವರ ಮೂಗಿನ ಮೇಲೆ ಗಾಯವಾಗಿತ್ತು.

“ನಿಧಿ, ಅಳಬ್ಯಾಡ. ದಿನಾ ಡ್ಯೂಟಿ ಮುಗಿಸಿ ಮನಿ ಮುಂದ ಬಂದು ನಿನ್ನ ನೋಡೇ ಹೋಗ್ತೀನಿ. ಸರಿ ಏನು?”

ಮಾತಾಡುತ್ತಲೇ ಅಮ್ಮನ ಕಣ್ಣು ಮುಚ್ಚಿತು. ತೂಕಡಿಸಿ ತಲೆ ವಾಲಿತು.

“ನಮ್ರತಾ!” ಅಪ್ಪ ಗಾಬರಿಯಿಂದ ಕೂಗಿದರು. ಅಮ್ಮ ಬೆಚ್ಚಿ ಕಣ್ಣು ತೆರೆದು, “ಏನಿಲ್ಲ, ಏನಿಲ್ಲ,” ಎಂದರು.

ಯೆಸ್ ಅನ್ನಬೇಕೆಂದು ನಿಧಿಗೆ ಎಷ್ಟು ಆಸೆಯಾಗಿತ್ತು!

“ಬ್ಯಾಡ ಅಮ್ಮ,” ಎಂದಳು. “ಮನಿಗೆ ಬರಬ್ಯಾಡ. ಯು ಗೋ ಸ್ಟ್ರೇಟ್. ಮಲ್ಕೋ.”

ಅಮ್ಮ ಏನೋ ಹೇಳಹೊರಟರು. ಅಷ್ಟರಲ್ಲಿ ನಿಧಿ ಕಾರಿನ ಗಾಜು ಏರಿಸಿದಳು. ತಾನು ಅಳುವುದು ಅಮ್ಮನಿಗೆ ಕೇಳಿಸಬಾರದಾಗಿತ್ತು.