ಚಾಂದಬೀಯ ಪುಟ

ನಾನು ದಬ್ಬಣಕ್ಕೆ ಹುರಿ ಪೋಣಿಸಿ ಹಾಳೆಗಳನ್ನು ಹೊಲಿಯುತ್ತಿದ್ದೆ. ಅತ್ತೆ ಅಂಚು ಹೊಂದಿಸಿ ಒಂದೊಂದೇ ಕಟ್ಟು ನನ್ನ ಕೈಗೆ ಕೊಡುತ್ತಿದ್ದರು. ಕೊನೆಯ ಗಂಟು ಹಾಕಿ ತಲೆ ಎತ್ತಿದಾಗ ಬಾಗಿಲ ಹೊರಗೆ ಚಾಂದಬೀ ನಿಂತಿದ್ದಳು. ಎಷ್ಟು ಹೊತ್ತಿನಿಂದ ನಿಂತಿದ್ದಳೋ ತಿಳಿಯದು.

ಇದು ೧೯೮೮ರ ಮಾತು. ನನ್ನ ಸೋದರತ್ತೆ ಗುರುಶಾಂತಮ್ಮ ಆಳಂದದ ದವಾಖಾನೆಯಲ್ಲಿ ಮೂವತ್ತು ವರ್ಷ ನರ್ಸ್ ಆಗಿದ್ದವರು. ನಿವೃತ್ತಿಯ ನಂತರವೂ ಹೆರಿಗೆಗೆ ಕರೆ ಬಂದರೆ ಹೋಗುತ್ತಿದ್ದರು. ಊರಲ್ಲಿ ಏನು ಕಳೆದರೂ, ಯಾರ ಮೇಲೆ ಅಪವಾದ ಬಂದರೂ ಜನ ಮೊದಲು ಅವರ ಹತ್ತಿರವೇ ಬರುತ್ತಿದ್ದರು. ಅವ್ವ ತೀರಿಕೊಂಡ ಮೇಲೆ ನಾಲ್ಕನೆಯ ಇಯತ್ತೆಗೆ ಶಾಲೆ ಬಿಟ್ಟು, ನಾನು ಇಜೇರಿಯಿಂದ ಅವರ ಮನೆ ಸೇರಿದ್ದೆ. ನನ್ನ ಹೆಸರು ರೇವಮ್ಮ.

ನಾವು ಹೊಲಿಯುತ್ತಿದ್ದುದು ಸಂತೆ ಪುಸ್ತಕಕ್ಕೆ ಸೇರಿಸುವ ಹೊಸ ಹಾಳೆಗಳನ್ನು. ಸಂತೆ ಪೇಟೆಯ ಎದುರಿನ ಮಾಳಿಗೆಯಲ್ಲಿ ಮಹಿಳಾ ಮಂಡಳವಿತ್ತು. ಪುಸ್ತಕ ಅಲ್ಲಿ ಗೂಟಕ್ಕೆ ತೂಗುತ್ತಿತ್ತು. ಒಂದೊಂದು ಅಂಗಡಿಗೆ ಒಂದೊಂದು ಪುಟ. ಯಾರ ತಕ್ಕಡಿ ನೆಟ್ಟಗಿದೆ, ಯಾರ ಬೇಳೆಯಲ್ಲಿ ಕಲಬೆರಕೆ, ಯಾವ ಗಿರಣಿಯಲ್ಲಿ ಎಂಟು ವರ್ಷದ ಮಕ್ಕಳಿಂದ ಚೀಲ ಹೊರಿಸುತ್ತಾರೆ, ಎಲ್ಲಿ ಕೊಳ್ಳಬೇಕು, ಎಲ್ಲಿ ಕೊಳ್ಳಬಾರದು ಎಂಬುದನ್ನು ಕಂಡ ಹೆಂಗಸರು ಅದರಲ್ಲಿ ಬರೆಯುತ್ತಿದ್ದರು. ನಿಯಮಗಳನ್ನು ಅತ್ತೆಯೇ ಮಾಡಿದ್ದರು. ಯಾರು ಬೇಕಾದರೂ ಬರೆಯಬಹುದು. ತಪ್ಪಿದ್ದರೆ ಇನ್ನೊಬ್ಬರು ಕೆಳಗೆ ತಿದ್ದಿ ಬರೆಯಬಹುದು. ಹರಿಯುವಂತಿಲ್ಲ, ಹೊಡೆದುಹಾಕುವಂತಿಲ್ಲ. ಅಕ್ಷರ ಬಾರದವರು ಹೇಳಿ ಬರೆಸಿ ಹೆಬ್ಬೆಟ್ಟು ಒತ್ತಬೇಕು. ಅಂಗಡಿಯವರ ಭಯ ಇರುವುದರಿಂದ ಬರೆಸಿದವರ ಹೆಸರು ಕೇಳುವಂತಿಲ್ಲ. ವಾರಕ್ಕೊಮ್ಮೆ ಎಲ್ಲರಿಗೂ ಓದಿ ಹೇಳುತ್ತಿದ್ದೆವು. ತಿಂಗಳಿಗೊಮ್ಮೆ ಹೊಸ ಬರಹದ ನಕಲು ಅಫಜಲಪುರ, ಜೇವರ್ಗಿಯ ಪುಸ್ತಕಗಳಿಗೆ ಬಸ್ಸಿನಲ್ಲಿ ಹೋಗುತ್ತಿತ್ತು.

"ಒಳಗ ಬಾ, ಚಾಂದಬೀ" ಎಂದರು ಅತ್ತೆ.

ಅವಳು ಹೊಸ್ತಿಲ ಹತ್ತಿರವೇ ಕುಳಿತಳು. ಗಾಣದ ಕುಸುಬಿ ಎಣ್ಣೆ ಮಾರಿ ಬದುಕುವ ವಿಧವೆ. ತನ್ನ ಎಣ್ಣೆ ಕೆಟ್ಟದ್ದೆಂದು ಪುಸ್ತಕದಲ್ಲಿ ಬರೆದಿದೆಯೆಂದು ಯಾರೋ ಹೇಳಿದರಂತೆ. ಅವಳಿಗೆ ಓದಲು ಬರುತ್ತಿರಲಿಲ್ಲ.

"ಮೂರು ಸಂತಿ ಆತ್ರಿ ಅಕ್ಕೋರ, ನನ್ನ ಮುಂದ ಯಾರೂ ನಿಂದ್ರವಲ್ರು. ಹಿಂಗಾದ್ರ ಎತ್ತು ಮಾರಬೇಕಾಗ್ತದ. ಎತ್ತು ಹೋದ್ರ ಗಾಣ ನಿಂತಂಗ."

"ಒಬ್ಬರೂ ಬರವಲ್ರೇನು?"

"ಒಬ್ಬಾಕಿ ಬರ್ತಾಳ್ರಿ, ಬಗಲಾಗ ಕೂಸು. ಯಾವ ಊರಾಕಿನೋ ಏನೋ, ಪಾವ್ ಕಿಲೋ ಒಯ್ತಾಳ." ಸೆರಗಿನ ತುದಿ ಬೆರಳಿಗೆ ಸುತ್ತಿಕೊಂಡು ಅವಳು ದನಿ ತಗ್ಗಿಸಿದಳು. ಸಂತೆಯಲ್ಲಿ ಅವಳ ಪಕ್ಕದ ಕಟ್ಟೆಯಲ್ಲೇ ಎಣ್ಣೆ ಮಾರುವ ಜಗದೇವಪ್ಪನೇ ಬರೆಸಿರಬೇಕು ಎಂಬುದು ಅವಳ ಅನುಮಾನ. ಬರುವ ಸೋಮವಾರ ನಕಲು ಬಸ್ಸು ಹತ್ತಿದರೆ ಮೂರೂ ಊರಲ್ಲಿ ತನ್ನ ಹೆಸರು ಕೆಡುತ್ತದೆ ಎಂದಳು.

ಅಂದು ಶುಕ್ರವಾರ. ಮಧ್ಯಾಹ್ನವೇ ನಾವು ಮಂಡಳಕ್ಕೆ ಹೋದೆವು. ಚಾಂದಬೀಯ ಪುಟದಲ್ಲಿ ಹಳೆಯ ಹೊಗಳಿಕೆಗಳ ಕೆಳಗೆ ಹೀಗಿತ್ತು: "ಮೊನ್ನೆ ಗುರುವಾರದ ಸಂತೆಯಲ್ಲಿ ಕೊಂಡ ಎಣ್ಣೆ. ಕೂಸಿಗೆ ಹಚ್ಚಿ ಎರೆದರೆ ಮೈತುಂಬ ಕೆಂಪು ಗುಳ್ಳೆ ಎದ್ದವು. ಬೇರೆ ಎಣ್ಣೆ ಬೆರೆತಿದೆ." ಪಕ್ಕದಲ್ಲಿ ಮೂರು ವಾರದ ಹಿಂದಿನ ಶನಿವಾರದ ತಾರೀಖು. ಹೆಬ್ಬೆಟ್ಟಿನ ಮಸಿಯ ಸುತ್ತ ಅರಿಸಿನದ ಬಣ್ಣ ಹತ್ತಿತ್ತು.

ಕೈಬರಹ ಮಂಡಳದ ಕಾರ್ಯದರ್ಶಿ ಸುಭದ್ರಾಬಾಯಿಯವರದು. ಅವರು ಅಲ್ಲಗಳೆಯಲಿಲ್ಲ. ಅಂದು ಗದ್ದಲವಿತ್ತು, ಹೇಳಿದವಳ ಮುಖ ನೆನಪಿಲ್ಲ ಎಂದರು.

"ಯಾರ ಅಂಗಡಿ ಅಂತ ಕೇಳಿದ್ರ ಬಾಯಿಗಿ ಸೆರಗ ಹಿಡಕೊಂಡು ಕಿಟಕ್ಯಾಗಿಂದ ಕೈ ಮಾಡಿ ತೋರ್ಸಿದಳ್ರಿ. ಅಲ್ಲಿ ಎಣ್ಣಿ ಕಟ್ಟಿ ಅಂದ್ರ ಚಾಂದಬೀದೇ ಅಲ್ಲೇನು? ಈಗ ನನ್ನ ಮ್ಯಾಲೇ ಬಂತೇನು?"

"ನಿಮ್ಮ ಮ್ಯಾಲೆ ಯಾಕ ಬರ್ತದ್ರಿ" ಎಂದು ಅತ್ತೆ ಕಿಟಕಿಯ ಬಳಿ ಹೋಗಿ ನಿಂತರು. ಸಂತೆ ಇರಲಿಲ್ಲ. ಕೆಳಗೆ ಖಾಲಿ ಕಟ್ಟೆಗಳು, ಒಂದಕ್ಕೊಂದು ತಾಗಿದ್ದ ಎರಡರ ಮೇಲೆ ಎಣ್ಣೆಯ ಕರಿ ಕಲೆ.

ಮನೆಗೆ ಬರುವಾಗ ನಾನು ಹೇಳಿದೆ, ಚಾಂದಬೀಯ ಅಂಗೈಯಲ್ಲಿ ಮದರಂಗಿ ಅಳಿಸಿಹೋಗಿದೆ, ಆದರೆ ಉಗುರಿನಲ್ಲಿ ಇನ್ನೂ ಕೆಂಪಿದೆ, ಬುಡದಲ್ಲಿ ಮಾತ್ರ ಒಂದು ಎಳೆಯಷ್ಟು ಬಿಳುಪು ಬಂದಿದೆ ಎಂದು.

ಅತ್ತೆ ದಾರಿಯಲ್ಲೇ ನಿಂತರು. "ಅಂದ್ರ ಮೂರು ವಾರದ ಹಿಂದ ಯಾವುದೋ ಮದುವಿಗಿ ಹೋಗಿರಬೇಕು. ಇಷ್ಟೊತ್ತು ಯಾಕ ಸುಮ್ಮನಿದ್ದಿಬೇ?"

"ನೀವು ಕೇಳಲಿಲ್ಲ."

ಅವರು ನಕ್ಕು ನನ್ನ ಕೈ ಹಿಡಿದುಕೊಂಡು ನೇರ ಚಾಂದಬೀಯ ಮನೆಗೆ ನಡೆದರು. ಅವಳ ತಂಗಿ ಪ್ಯಾರಿಬಿಯ ಮಗಳ ಮದುವೆ ಅಫಜಲಪುರದಲ್ಲಿ ಆಗಿತ್ತಂತೆ. ಪುಟದಲ್ಲಿ ಹೇಳಿದ ಅದೇ ಗುರುವಾರ. ಮಂಗಳವಾರ ಹೋದವಳು ಭಾನುವಾರ ತಿರುಗಿ ಬಂದಿದ್ದಳು. ಆ ಸಂತೆಯ ದಿನ ಅವಳ ಕಟ್ಟೆ ಖಾಲಿಯಿತ್ತು.

ಕೂಸು ಎತ್ತಿಕೊಂಡು ಬಂದು ಎಣ್ಣೆ ಒಯ್ಯುವವಳ ಊರು ವಿಚಾರಿಸಿಕೊಂಡು, ಶನಿವಾರ ಅತ್ತೆ ಒಬ್ಬರೇ ಮಟಕಿ ಹಳ್ಳಿಯ ಬಸ್ಸು ಹತ್ತಿದರು. ಸಂಜೆ ಬಂದಾಗ ಯಾರನ್ನು ಕಂಡಿರಿ ಎಂದೆ. "ಒಂದು ಕೂಸು" ಎಂದರು. "ಮೈ ಈಗ ಮೆತ್ತಗದ."

ಭಾನುವಾರ ಮಂಡಳದಲ್ಲಿ ಇಪ್ಪತ್ತು ಮಂದಿ ಹೆಂಗಸರು ಸೇರಿದ್ದರು. ಸುಭದ್ರಾಬಾಯಿ ಪುಸ್ತಕದ ಪಕ್ಕದಲ್ಲಿ, ಚಾಂದಬೀ ಬಾಗಿಲ ಹತ್ತಿರ. ಅತ್ತೆ ಕರೆಸಿದ್ದ ಮಟಕಿಯ ಮಲ್ಕಮ್ಮ ಕೂಸನ್ನು ತೊಡೆಯ ಮೇಲೆ ಹಾಕಿಕೊಂಡಿದ್ದಳು. ಜಗದೇವಪ್ಪ ಕುರ್ಚಿಯಲ್ಲಿ ಕುಳಿತು, "ಹೆಣ್ಣುಮಕ್ಕಳ ಪಂಚಾಯತಿಗಿ ನನ್ನ ಯಾಕ ಕರದ್ರಿ? ಒಗ್ಗರಣಿ ಹಾಕಲಿಕ್ಕೇನು?" ಎಂದ.

ಅತ್ತೆ ಪುಟವನ್ನು ಓದಿ, ಚಾಂದಬೀ ಆ ಗುರುವಾರ ಊರಲ್ಲೇ ಇರಲಿಲ್ಲ ಎಂದು ಮೊದಲು ಹೇಳಿದರು. ಹಾಗಾದರೆ ಇದು ಹಗೆಯಿಂದ ಬರೆಸಿದ್ದೇ? ಹಗೆಯಿದ್ದರೆ ಜಗದೇವಪ್ಪನಿಗಿರಬೇಕು. ಆದರೆ ಪಕ್ಕದ ಕಟ್ಟೆ ಅಂದು ಖಾಲಿಯಿದ್ದದ್ದು ಅವನಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಸುಳ್ಳು ಹೇಳಿಸುವವನು ಆ ದಿನವನ್ನೇ ಆರಿಸುತ್ತಿರಲಿಲ್ಲ. ಬರೆಸಿದವಳು ನಿಜವನ್ನೇ ಹೇಳಿದ್ದಳು. ನಿಜ ತಪ್ಪು ಪುಟ ಸೇರಿತ್ತು ಎಂದರು.

ಹೇಳಿದವಳು ಕೂಸಿನ ತಾಯಿ. ಹೆಬ್ಬೆಟ್ಟಿನ ಅರಿಸಿನ ಕೂಸಿಗೆ ಎರೆದ ಕೈಯದು. ಊರೆಲ್ಲ ಬಿಟ್ಟ ಎಣ್ಣೆಯನ್ನು ಒಬ್ಬಳೇ ಕೊಳ್ಳುತ್ತಿದ್ದಳು, ಅವಳ ಬಗಲಲ್ಲೂ ಕೂಸು. ಪುಟದಲ್ಲಿ ಏನಿದೆ ಎಂಬುದು ಅವಳಿಗೆ ತಿಳಿದಿರಲಿಲ್ಲ. ಕೆಟ್ಟ ಎಣ್ಣೆ ಬಿಟ್ಟು ಒಳ್ಳೆಯದಕ್ಕೆ ಬಂದಿದ್ದ ಅವಳೇ ಈ ಮಲ್ಕಮ್ಮ.

"ಇನ್ನ ಹೆಸರು ಯಾಕ ಹೇಳಲಿಲ್ಲ?" ಅತ್ತೆ ಎಲ್ಲರನ್ನೂ ನೋಡಿದರು. "ಮೂವತ್ತು ವರ್ಷ ನಾ ಹುಟ್ಟಿದ ಕೂಸಿನ ಹೆಸರು ನೋಂದಾಯಿಸೇನಿ. ಅಪ್ಪನ ಹೆಸರೇನಂತ ಕೇಳಿದ್ರ ಒಬ್ಬ ತಾಯಿನೂ ಬಾಯಿ ಬಿಟ್ಟಿಲ್ಲ. ಮಗ್ಗಲಿನಾಕಿಗಿ ಕೇಳಿ ಬರಕೊಂಡೇನಿ. ಮಲ್ಕಮ್ಮ, ಆ ಎಣ್ಣಿ ಯಾರ ಕಡಿ ತಂದಿದ್ದಿ?"

ಮಲ್ಕಮ್ಮ ಬಾಯಿಗೆ ಸೆರಗು ಹಿಡಿದಳು. ಎದ್ದು ಕಿಟಕಿಯಲ್ಲಿ ಕೈ ಚಾಚಿದಳು. ಅತ್ತೆ ಸುಭದ್ರಾಬಾಯಿಯವರನ್ನು ಕರೆದು ಅವಳ ಹೆಗಲ ಹಿಂದೆ ನಿಲ್ಲಿಸಿದರು. ಅಲ್ಲಿಂದ ನೋಡಿದರೆ ಬೆರಳು ಬಲಗಡೆಯ ಜಗದೇವಪ್ಪನ ಕಟ್ಟೆಗೆ ನೆಟ್ಟಿತ್ತು. ಅಂದು ಅವರು ಕೂತಿದ್ದ ಮೂಲೆಯಿಂದ ಕಾಣುತ್ತಿದ್ದುದು ಎಡಗಡೆಯ ಚಾಂದಬೀಯ ಕಟ್ಟೆ ಮಾತ್ರ.

"ಇಕಿ ಮನ್ಯಾಗಿನವರ ಹೆಸರು ಯಾರಿಗಿ ಗೊತ್ತದ?"

ಹಿಂದಿನಿಂದ ಮುದುಕಿಯೊಬ್ಬಳು, "ಜಗದೇವಪ್ಪ ಅಲ್ಲೇನವ್ವ, ಹೊಲದಾಗ ಗಳೇ ಹೊಡಿಯೋನು" ಎಂದಳು. ಅಂಗಡಿಯವನ ಹೆಸರೇ ಗಂಡನದೂ ಆಗಿದ್ದ ಮಲ್ಕಮ್ಮನ ಮುಖ ಕೆಂಪಾಯಿತು.

ಕುರ್ಚಿಯಲ್ಲಿದ್ದ ಜಗದೇವಪ್ಪ ಎದ್ದು ನಿಂತ. "ಗಂಡನ ಹೆಸರು ಹೇಳಂಗಿಲ್ಲ ಅಂತ ನನ್ನ ಎಣ್ಣಿ ಕೆಟ್ಟದಾತೇನ್ರಿ?"

"ಆ ಎಣ್ಣಿ ಇನ್ನಾ ನಿಮ್ಮ ಅಂಗಡ್ಯಾಗ ಇರಬೇಕಲ್ರಿ" ಎಂದರು ಅತ್ತೆ. " ನಾಳಿಗಿ ನಿಮ್ಮ ಮೊಮ್ಮಗನಿಗಿ ನಾನೇ ಎರಿತೇನಿ. ಅದೇ ಎಣ್ಣಿ ಹಚ್ಚಲಿ?"

ಅವನು ಮತ್ತೆ ಕುರ್ಚಿಯಲ್ಲಿ ಕುಳಿತ. ಆಮೇಲೆ ಮೆಲ್ಲಗೆ, "ಬ್ಯಾಡ್ರಿ" ಎಂದ. ಹೊರಗಿನಿಂದ ಸಸ್ತಾ ಸಿಕ್ಕ ಎರಡು ಡಬ್ಬಿ, ವಾಸನೆ ಬೇರೆ ಅನ್ನಿಸಿದರೂ ಬೆರೆಸಿ ಮಾರಿದ್ದ. ಉಳಿದದ್ದನ್ನು ನಮ್ಮೆದುರೇ ತಿಪ್ಪೆಗೆ ಸುರಿಯುವುದಾಗಿ ಒಪ್ಪಿಕೊಂಡ.

ಸುಭದ್ರಾಬಾಯಿ ತಪ್ಪು ಪುಟದ ಕೆಳಗೆ ನಡೆದದ್ದನ್ನೆಲ್ಲ ಬರೆದು ತಮ್ಮ ಹೆಸರು ಹಾಕಿದರು. ಅತ್ತೆ ಅಂದೇ ನಿಯಮ ಬದಲಿಸಿದರು: ಬರೆದದ್ದನ್ನು ಹೇಳಿದವಳಿಗೆ ಓದಿ ತೋರಿಸಬೇಕು, ಎದುರು ಪುಟವನ್ನು ಅಂಗಡಿಯವರ ಉತ್ತರಕ್ಕೆ ಖಾಲಿ ಬಿಡಬೇಕು. ನಿಯಮ ಮಾಡುವಾಗ ಇದು ತಮಗೆ ಹೊಳೆಯಲಿಲ್ಲ, ತಪ್ಪು ತಮ್ಮದೂ ಹೌದು ಎಂದರು.

ಮೊದಲ ಉತ್ತರ ಚಾಂದಬೀಯದೇ ಆಗಲಿ ಎಂದು ನನಗೆ ಪೆನ್ನು ಕೊಟ್ಟರು. ನಾನು ಅವಳ ಪಕ್ಕ ಕುಳಿತೆ. ಆ ಮೂರು ಸಂತೆಗಳಲ್ಲಿ ನಾನೂ ಅವಳ ಮುಂದೆಯೇ ಹಾದು ಬೇರೆ ಕಡೆ ಎಣ್ಣೆ ತಂದಿದ್ದೆ. ಅವಳು ಸಿಟ್ಟಿನಿಂದೇನೂ ಇರಲಿಲ್ಲ. ಹತ್ತು ವರ್ಷದಿಂದ ತನ್ನ ಎಣ್ಣೆಯಲ್ಲಿ ಅಡುಗೆ ಮಾಡಿದ ಮುಖಗಳನ್ನು ಒಂದೊಂದಾಗಿ ನೋಡಿದಳು.

"ಇನ್ನೊಮ್ಮಿ ನನ್ನ ಹೆಸರು ಬರಿಯೂ ಮುಂಚೆ, ಒಬ್ಬರರ ನಮ್ಮ ಮನಿ ತನಕ ಬಂದು ನನ್ನ ಕೇಳ್ರಿ" ಎಂದಳು.

ನಾನು ಅದನ್ನೇ ಬರೆದು, ಅವಳಿಗೆ ಓದಿ ತೋರಿಸಿ, ಹೆಬ್ಬೆಟ್ಟಿಗೆ ಮಸಿ ಮುಂದಿಟ್ಟೆ.