ಮುಳುಗಿದೂರಿನ ಹಾಲು

ಆ ಸಿಟ್ಟು ನನಗಿನ್ನೂ ಇಳಿದಿಲ್ಲ. ಸವದತ್ತಿ ಕಡೆಯ ಒಂದು ಡೈರಿಯ ವೆಬ್‌ಸೈಟಿಗೆ, ಊರೂರಿನ ಹಾಲಿನ ಲೆಕ್ಕವನ್ನು ಬೇಕಾದಂತೆ ಜೋಡಿಸಿ ನೋಡುವ ಟೇಬಲ್ ಪ್ಲಗಿನ್ ಮಾಡಿಕೊಟ್ಟಿದ್ದೆ. ಮರುದಿನ ಬೆಳಿಗ್ಗೆ ಮ್ಯಾನೇಜರ್ ಗಂಗಯ್ಯನವರು ಎಲ್ಲರೆದುರೇ ರೇಗಿದರು.

"ಏನವಾ ಜನ್ನತ, ಡ್ಯಾಮಿನ್ಯಾಗ ಮುಳುಗಿದ ನಮ್ಮಪ್ಪನ ಊರು ಇದರಾಗ ಯಾಕ ಹಾಕಿದಿ? ಚಾಷ್ಟಿ ಮಾಡ್ತಿ ಏನು?"

"ನಾ ಹಾಕಿಲ್ರಿ. ಆ ಊರಿನ ಹೆಸರಽ ನಾ ಕೇಳಿಲ್ಲ."

ಅವರ ಕಣ್ಣೆದುರೇ ಆ ಸಾಲನ್ನು ಅಳಿಸಿದೆ. ಅದು ಮತ್ತೆ ಮೂಡಿತು. ಅಳಿಸಿದಂತೆಲ್ಲ ಅದರ ಲೀಟರು ಏರುತ್ತಿತ್ತು. ಕೀಬೋರ್ಡು ತಣ್ಣಗೆ ಒದ್ದೆಯಾಗಿ ಕೆಸರಿನ ವಾಸನೆ ಬರತೊಡಗಿತು.

"ಈಗ ಯಾರು ಹಾಕಿದ್ರು, ಹೇಳ್ರಿ," ಎಂದೆ.

ಗಂಗಯ್ಯನವರು ಎದ್ದು ಬಾಗಿಲಿಗೆ ನಡೆದರು, ನಾನೂ ಹಿಂದೆ ಹೋದೆ. ಹೊರಗೆ ಕಟ್ಟೆಯ ಮೇಲೆ ಯಾರೂ ತಂದಿಡದ ಕ್ಯಾನೊಂದು ನಿಂತಿತ್ತು. ಇಬ್ಬರೂ ಸೇರಿ ಮುಚ್ಚಳ ತೆಗೆದೆವು. ಹಾಲು ಇನ್ನೂ ಬೆಚ್ಚಗಿತ್ತು.