ಹೆಸರು ವೀವಿಯದು, ಬೆರಳು ಯಾರವು?

ಏಪ್ರಿಲ್ ಎಂಟು, ಬುಧವಾರ. ಕೊಸ್ಕಿಲಹ್ತಿ ಠಾಣೆಯ ಬಾಗಿಲು ತೆರೆಯುತ್ತಿದ್ದಂತೆ ವಿಶ್ವವಿದ್ಯಾಲಯದ ನದಿ ಪ್ರಯೋಗಾಲಯದ ಮುಖ್ಯಸ್ಥೆ ಡಾ. ರೈಲಿ ಹಕಲಾ ದೂರು ಹಿಡಿದು ಬಂದರು. ಎಲ್ಲರೂ ಹಂಚಿಕೊಂಡು ಬಳಸುವ ದೊಡ್ಡ ಕಂಪ್ಯೂಟರಿನಿಂದ ಮೂರು ತಿಂಗಳ ಲೆಕ್ಕ ಮಾಯವಾಗಿತ್ತು. ಹೆಪ್ಪುಗಟ್ಟಿದ ನದಿಯ ಹಿಮ ಒಡೆದಾಗ ನೀರು ಯಾವ ಬೀದಿಗೆ ನುಗ್ಗುತ್ತದೆ ಎಂಬ ಲೆಕ್ಕ ಅದು. ಅಗ್ನಿಶಾಮಕ ದಳ ಅದಕ್ಕಾಗಿಯೇ ಕಾದಿತ್ತು. ಹಿಮ ಇನ್ನೊಂದು ವಾರ ನಿಂತರೆ ಹೆಚ್ಚು.

ಇನ್‌ಸ್ಪೆಕ್ಟರ್ ಐಲಾ ನೊಕೆಲಾ ಎಫ್‌ಐಆರ್ ದಾಖಲಿಸಿ, ಕಾನ್‌ಸ್ಟೆಬಲ್ ಯೊರ್ಮನೊಂದಿಗೆ ಹೊರಟಳು.

ರೈಲಿಯವರಿಗೆ ಅನುಮಾನವಿದ್ದದ್ದು ಕಂಪ್ಯೂಟರ್ ನೋಡಿಕೊಳ್ಳುವ ಕೌಕೊನ ಮೇಲೆ. ಒಳಹೋಗಲು ಪಾಸ್‌ವರ್ಡ್ ಸಾಕೇ, ಇಲ್ಲವೇ ಪ್ರತಿಯೊಬ್ಬರ ಕಂಪ್ಯೂಟರಿನಲ್ಲೂ ಅವರವರದೇ ಗುಪ್ತ ಡಿಜಿಟಲ್ ಕೀಲಿ ಇರಬೇಕೇ ಎಂಬ ಜಗಳ ಚಳಿಗಾಲವಿಡೀ ನಡೆದಿತ್ತು. ಹೊರಗಿನಿಂದ ಬರುವ ಸಂಶೋಧಕರಿಗೆ ಸಲೀಸು ಎಂದು ರೈಲಿ ಪಾಸ್‌ವರ್ಡಿನ ಪರ, ಕೌಕೊ ಕೀಲಿಯ ಪರ. ಕೈ ಸುಟ್ಟುಕೊಂಡ ಮೇಲೇ ನಿಮಗೆ ಬುದ್ಧಿ ಬರುವುದು ಎಂದು ಹೇಳಿ ಹಿಂದಿನ ಸಭೆಯಿಂದ ಅವನು ಎದ್ದುಹೋಗಿದ್ದನಂತೆ. ಶುಕ್ರವಾರ ತೀರ್ಮಾನ ಎಂಬ ಸೂಚನೆ ಒಳಹೊಕ್ಕವರೆಲ್ಲರ ಪರದೆಯ ಮೇಲೂ ಬರುತ್ತಿತ್ತು.

ಕೌಕೊ ಅಷ್ಟರಲ್ಲಿ ಎಲ್ಲರ ಪ್ರವೇಶವನ್ನೂ ಮುಚ್ಚಿದ್ದ. ಒಳಗೆ ಓಡುತ್ತಿರುವ ಲೆಕ್ಕಗಳನ್ನು ಮುಟ್ಟಬೇಡಿ ಎಂದು ಹೇಳಿ ಐಲಾ ದಾಖಲೆ ನೋಡಿದಳು. ಮಂಗಳವಾರ ಮಧ್ಯಾಹ್ನ ವೀವಿ ಎಂಬ ಸಂಶೋಧನಾ ವಿದ್ಯಾರ್ಥಿನಿಯ ಹೆಸರಿನಲ್ಲಿ ಯಾರೋ ಒಳಹೊಕ್ಕು ಕಡತಗಳನ್ನು ಅಳಿಸಿದ್ದರು. ಆ ಹೊತ್ತಿನಲ್ಲಿ ವೀವಿ ಹಲ್ಲಿನ ಡಾಕ್ಟರ ಕುರ್ಚಿಯಲ್ಲಿದ್ದಳು. ಯೊರ್ಮ ಫೋನ್ ಮಾಡಿ ಅದನ್ನು ಖಚಿತಪಡಿಸಿಕೊಂಡ.

“ನಿನ್ನ ಪಾಸ್‌ವರ್ಡ್ ಯಾರಿಗೆ ಗೊತ್ತು?” ಐಲಾ ಕೇಳಿದಳು.

“ಎಲ್ಲರಿಗೂ. ಸೇರಿದ ದಿನ ಕೊಟ್ಟಿದ್ದು, ಬದಲಾಯಿಸ್ಲೇ ಇಲ್ಲ.”

“ಬೇರೆಯವರದು?”

“ಎಲ್ಲರದೂ ಅದೇ. ನದಿ ಹೆಸರು.” ವೀವಿ ತಲೆ ತಗ್ಗಿಸಿದಳು.

“ಮನೆಗೆ ಬೀಗ ಜಡಿದು, ಬೀಗದಕೈನ ಊರಿಗೆಲ್ಲ ಹಂಚಿದ ಹಾಗಾಯ್ತು,” ಯೊರ್ಮ ಗೊಣಗಿದ.

ಮುಂದಿನ ಸರದಿ ಕೌಕೊನದು.

“ನೀವೇ ಯಾಕೆ ಆಗಿರಬಾರದು?”

“ಆಗಿರಬಹುದಿತ್ತು. ಅದಕ್ಕೇ ಕೀಲಿ ಕೇಳ್ತಿದ್ದಿದ್ದು. ಈಗಿರೋ ಹಾಗೆ, ನಾನಲ್ಲ ಅಂತ ನಾನೇ ತೋರಿಸೋಕಾಗಲ್ಲ.” ಅವನು ಕಾಫಿ ಲೋಟವನ್ನು ಪಕ್ಕಕ್ಕೆ ಸರಿಸಿ, ದಾಖಲೆಯ ಪರದೆಯನ್ನು ಅವಳತ್ತ ತಿರುಗಿಸಿದ.

ಐಲಾಗೆ ಅವನ ಮೇಲೆ ಕನಿಕರ ಬಂತು. ಆದರೆ ಕನಿಕರವೇನೂ ಸಾಕ್ಷ್ಯವಲ್ಲ. ಅವಳು ಕಳ್ಳ ಟೈಪ್ ಮಾಡಿದ್ದನ್ನೆಲ್ಲ ಸಾಲುಸಾಲಾಗಿ ಓದಿದಳು. ಮೊದಲ ಸಾಲು ಕೈಕೊಟ್ಟಿತ್ತು: ಕೇಳಿದ ಹೆಸರಿನ ಕಡತಗಳ ಕೋಶವೇ ಅಲ್ಲಿರಲಿಲ್ಲ. ವಿಚಾರಿಸಿದರೆ, ಎರಡು ವರ್ಷದ ಹಿಂದೆ ಕೌಕೊನೇ ಆ ಕೋಶದ ಹೆಸರು ಬದಲಿಸಿದ್ದನೆಂದು ತಿಳಿಯಿತು. ಬದಲಿಸಿದವನೇ ಹಳೆಯ ಹೆಸರಿನಲ್ಲಿ ಎಡವುವುದುಂಟೇ? ವೀವಿಯಂತೂ ಆ ಹೆಸರನ್ನು ಕೇಳಿಯೇ ಇರಲಿಲ್ಲ.

ಆ ಹೆಸರು ಬದಲಾಗುವ ಮೊದಲೇ ಪ್ರಯೋಗಾಲಯ ಬಿಟ್ಟುಹೋದವರು ಯಾರು ಎಂದು ಐಲಾ ಕೇಳಿದಳು. ರೈಲಿ ಒಂದೇ ಹೆಸರು ಹೇಳಿದರು: ಆರ್ಮಸ್ ಪೆಲ್ಟೊಲಾ. ಹತ್ತೊಂಬತ್ತು ವರ್ಷ ಅಲ್ಲೇ ದುಡಿದವನು. ಅನುದಾನ ನಿಂತಿತು, ಒಪ್ಪಂದ ಮುಂದುವರಿಯಲಿಲ್ಲ. ಮಂಗಳವಾರದ ಪ್ರವೇಶ ಬಂದದ್ದು ಊರಿನ ಗ್ರಂಥಾಲಯದ ಕಂಪ್ಯೂಟರಿನಿಂದ. ಫೋಟೋ ತೋರಿಸಿದೊಡನೆ ಅಲ್ಲಿಯ ಸಿಬ್ಬಂದಿ ಗುರುತು ಹಿಡಿದರು. ದಿನವೂ ಬರುತ್ತಾರೆ, ಕಿಟಕಿ ಪಕ್ಕದ ಮೇಜು, ಯಾರ ಗೊಡವೆಗೂ ಹೋಗುವವರಲ್ಲ ಎಂದರು.

ಗುರುವಾರ ಬೆಳಿಗ್ಗೆ ಆರ್ಮಸ್ ತಾನೇ ಬಾಗಿಲು ತೆರೆದ. ಒಲೆಯ ಮೇಲೆ ಗಂಜಿ ಕುದಿಯುತ್ತಿತ್ತು. ಐಲಾ ಗುರುತುಚೀಟಿ ತೋರಿಸುವ ಮೊದಲೇ ಅವನು ಅಡುಗೆಮನೆಯ ಮೇಜಿನತ್ತ ಕೈ ತೋರಿಸಿದ. ಅಲ್ಲೊಂದು ಡಿಸ್ಕ್ ಇತ್ತು.

“ಎಲ್ಲಾ ಇದರಲ್ಲಿದೆ. ಒಂದೂ ಕಳೆದಿಲ್ಲ. ವೀವಿ ಹೆಸರು ವೆಬ್‌ಸೈಟಲ್ಲಿತ್ತು, ಪಾಸ್‌ವರ್ಡ್ ಹಳೇದೇ.”

“ಮತ್ತೆ ಅಳಿಸಿದ್ಯಾಕೆ?”

“ಕಂಪ್ಯೂಟರಲ್ಲಿ ಜಾಗ ಇರ್ಲಿಲ್ಲ. ಶುಕ್ರವಾರ ಕೀಲಿ ಅಂತ ಆಗಿಬಿಟ್ರೆ ನಂಗೆ ಒಳಗೆ ಕಾಲಿಡೋಕಾಗಲ್ಲ. ನನ್ನ ಲೆಕ್ಕ ಕೊನೇ ಸಲ ಓಡಿಸಿ, ಅವರದನ್ನ ವಾಪಸ್ ಇಡೋಣ ಅಂತಿದ್ದೆ. ನಿನ್ನೆ ನೋಡಿದ್ರೆ ಬಾಗಿಲೇ ಮುಚ್ಚಿತ್ತು.”

“ಠಾಣೆಗೆ ಬರಬಹುದಿತ್ತಲ್ಲ?”

“ಹೊರಡೋಕೆ ಅಂತ ಕೋಟು ಹಾಕ್ಕೊಂಡೆ. ಎರಡು ಸಲ.”

ಪಕ್ಕದ ಮನೆಯ ಇಬ್ಬರನ್ನು ಸಾಕ್ಷಿ ಕರೆದು ಪಂಚನಾಮೆ ಬರೆದರು. ಡಿಸ್ಕ್ ಜಪ್ತಿಯಾಯಿತು, ಅದರ ನಕಲು ನೇರ ಪ್ರಯೋಗಾಲಯಕ್ಕೆ ಹೋಯಿತು. ಕಡತಗಳೆಲ್ಲ ಸರಿಯಾಗಿವೆ ಎಂದು ಗೊತ್ತಾದಾಗ ರೈಲಿ ಮೊದಲು ಅಗ್ನಿಶಾಮಕ ದಳಕ್ಕೆ ಫೋನ್ ಮಾಡಿದರಂತೆ. ಬಳಿಕ ಕೌಕೊನ ಕೋಣೆಗೆ ಹೋಗಿ ಅವನ ಕ್ಷಮೆ ಕೇಳಿದರು. ಮರುದಿನದ ಸಭೆಯಲ್ಲಿ ಕೀಲಿಯ ಪರ ಮೊದಲು ಎದ್ದ ಕೈಯೂ ಅವರದೇ.

ಬಂಧನ ಸಕ್ರಮವಾಗಿ ದಾಖಲಾಯಿತು. ನ್ಯಾಯಾಲಯಕ್ಕೆ ಕರೆದೊಯ್ಯುವಾಗ ಕಾರಿನಲ್ಲಿ ಆರ್ಮಸ್ ಜಾಮೀನಿನ ಮಾತೆತ್ತಲಿಲ್ಲ, ವಕೀಲರ ಮಾತೂ ಎತ್ತಲಿಲ್ಲ. ಊರ ಮೇಲ್ಭಾಗದ ತಿರುವಿನಲ್ಲಿ ಹಿಮ ಹೇಗೆ ಕಟ್ಟಿಕೊಳ್ಳುತ್ತದೆ ಎಂಬ ಪ್ರಶ್ನೆಯನ್ನು ಅರ್ಧಕ್ಕೆ ಬಿಟ್ಟು ಬಂದಿದ್ದೆ, ಎರಡು ವರ್ಷದಿಂದ ಅದು ನಿದ್ದೆ ಮಾಡಲು ಬಿಟ್ಟಿರಲಿಲ್ಲ ಎಂದಷ್ಟೇ ಹೇಳಿದ. ಆಮೇಲೆ ಹಿಂಜರಿಯುತ್ತ ಕೇಳಿದ:

“ಅದು ಓಡಿ ಮುಗೀತಾ?”

ಐಲಾ ಕೌಕೊಗೆ ಫೋನ್ ಮಾಡಿದಳು. ಅತ್ತ ಕಡೆ ಕೀಲಿಮಣೆಯ ಸದ್ದು ಕೇಳಿಸಿತು.

“ಮುಗಿದಿದೆಯಂತೆ,” ಎಂದಳು.

ಆರ್ಮಸ್ ಸೀಟಿಗೆ ತಲೆಯೊರಗಿಸಿದ. ಕಾರು ಸೇತುವೆ ದಾಟುವಷ್ಟರಲ್ಲಿ ಅವನಿಗೆ ನಿದ್ದೆ ಹತ್ತಿತ್ತು. ನ್ಯಾಯಾಲಯದ ಮುಂದೆ ಕಾರು ನಿಂತ ಮೇಲೂ ಯೊರ್ಮ ಅವನನ್ನು ಕೂಡಲೇ ಎಬ್ಬಿಸಲಿಲ್ಲ.